ಅತ್ತೆ ತುಂಬಿದ ಕ್ಯೂಬುಗಳು

ಮಾರ್ಚ್ ೧೪, ಗುರುವಾರ

ಪ್ರೀತಿಯ ಅಪ್ಪನಿಗೆ ನಿಮ್ಮ ಗುಬ್ಬಿಯ ನಮಸ್ಕಾರಗಳು.

ನಿಮ್ಮ ಮೂರು ಕಾಗದಗಳಿಗೂ ಉತ್ತರ ಬರೆಯದೆ ಕೂತವಳು ನಾನು. ಬೈಯುವುದಿದ್ದರೆ ಈಗಲೇ ಬೈದು ಮುಗಿಸಿ, ಆಮೇಲೆ ಮುಂದೆ ಓದಿ. ಕೊನೆಯ ಕಾಗದದಲ್ಲಿ ‘ಬದುಕಿದ್ದೀಯಾ ಅನ್ನುವುದನ್ನಾದರೂ ತಿಳಿಸು’ ಎಂದು ಬರೆದಿದ್ದಿರಿ. ಬದುಕಿದ್ದೇನೆ ಅಪ್ಪ, ಚೆನ್ನಾಗಿಯೇ ಇದ್ದೇನೆ. ನಿನ್ನೆಯಿಂದಂತೂ ಹೊಟ್ಟೆ ತುಂಬ ಉಣ್ಣುತ್ತಿದ್ದೇನೆ, ಕಣ್ತುಂಬ ನಿದ್ದೆ ಮಾಡುತ್ತಿದ್ದೇನೆ. ಲ್ಯಾಬಿನ ಕೆಲಸ ಮೈಮೇಲೆ ಬಿದ್ದಿತ್ತು, ನಿಮ್ಮ ಮೊಮ್ಮಗಳಿಗೆ ಜ್ವರ ಬಂದು ಹೋಯಿತು, ಮನೆಯಲ್ಲಿ ಲಕೋಟೆ ಇರಲಿಲ್ಲ; ಹೀಗೆ ನೆಪಗಳಿಗೇನೂ ಬರವಿಲ್ಲ. ನಿಮ್ಮ ಮಂಡಿನೋವು ಹೇಗಿದೆ? ಅಣ್ಣ ತಂದುಕೊಟ್ಟ ಎಣ್ಣೆಯ ಬಾಟಲಿಯನ್ನು ಕಿಟಕಿಯಲ್ಲಿಟ್ಟು ನೋಡುತ್ತಾ ಕೂರುತ್ತೀರಂತೆ, ಅತ್ತಿಗೆ ದೂರು ಹೇಳಿದರು. ನೋಡಿದರೆ ನೋವು ಹೋಗುವುದಿಲ್ಲ, ಹಚ್ಚಿಕೊಳ್ಳಿ.

ದೊಡ್ಡ ಸುದ್ದಿಯನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಕಾಗದದ ಕೊನೆಗೆ ಹಾರಿ ಓದುತ್ತೀರಿ. ಇಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಹೊಸದಾಗಿ ಕಟ್ಟಿದ್ದ ಹೆರಿಗೆ ವಾರ್ಡಿನ ಸ್ಲ್ಯಾಬನ್ನು ವಾರದಿಂದ ಒಡೆಯುತ್ತಿದ್ದರು, ನಿನ್ನೆ ಕೊನೆಯ ತುಂಡನ್ನೂ ಕೆಳಗಿಳಿಸಿದರು. ಒಬ್ಬ ಬಾಣಂತಿ ಅದರ ಕೆಳಗೆ ಮಲಗುವ ಮೊದಲು, ಒಂದು ತೊಟ್ಟಿಲು ಒಳಗೆ ಹೋಗುವ ಮೊದಲು ಇಳಿಸಿದರು. ಎದುರಿನ ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ನಿಂತು ನೋಡಿದೆ. ಕಣ್ಣಲ್ಲಿ ನೀರು ಬಂತು. ಅಂಗಡಿಯವನು ಧೂಳು ಹೊಕ್ಕಿತೆಂದು ಔಷಧಿ ಕೊಡಲು ಬಂದ. ಧೂಳಲ್ಲ, ಸಮಾಧಾನಕ್ಕೆ ಅಳು ಬಂದಿತ್ತು ಅಷ್ಟೇ. ಎದೆಯ ಮೇಲಿಂದ ಯಾರೋ ಎದ್ದು ಹೋದ ಹಾಗೆ ಅನ್ನಿಸಿತು.

ಈಗ ಕಥೆಯನ್ನು ಶುರುವಿನಿಂದ ಹೇಳುತ್ತೇನೆ. ನನ್ನನ್ನು ನಕ್ಷೆ ವಿಭಾಗದಿಂದ ಎತ್ತಿ ಇಲಾಖೆಯ ಪರೀಕ್ಷಾ ಲ್ಯಾಬಿಗೆ ಹಾಕಿದ್ದು ನಿಮಗೆ ಗೊತ್ತು. ಸ್ಲ್ಯಾಬು ಹಾಕುವ ದಿನ, ಅದಕ್ಕೆ ಸುರಿಯುವ ಕಾಂಕ್ರೀಟಿನಿಂದಲೇ ಒಂದಿಷ್ಟನ್ನು ಕಬ್ಬಿಣದ ಅಚ್ಚುಗಳಿಗೆ ತುಂಬಿ ಕ್ಯೂಬು ಮಾಡಬೇಕು. ಇಪ್ಪತ್ತೆಂಟು ದಿನ ನೀರಲ್ಲಿಟ್ಟು ಆಮೇಲೆ ಲ್ಯಾಬಿಗೆ ತರಬೇಕು. ನಾವು ಅದನ್ನು ಯಂತ್ರದಲ್ಲಿಟ್ಟು ಒತ್ತಿ, ಎಷ್ಟು ಭಾರಕ್ಕೆ ಒಡೆಯಿತು ಎಂದು ನೋಡುತ್ತೇವೆ. ಕ್ಯೂಬು ಗಟ್ಟಿಯಾಗಿದ್ದರೆ ಸ್ಲ್ಯಾಬು ಗಟ್ಟಿ. ಇಡೀ ಜೀವಮಾನ ಇದೇ ಇಲಾಖೆಯಲ್ಲಿ ಕಳೆದ ನಿಮಗೆ ನಾನು ಪಾಠ ಹೇಳುತ್ತಿಲ್ಲ. ಕಾಗದವನ್ನು ನೀವು ಅತ್ತಿಗೆಗೆ ಓದಿ ಹೇಳುತ್ತೀರಲ್ಲ, ಅವರಿಗೆ ತಿಳಿಯಲೆಂದು ಬರೆದೆ.

ನಮ್ಮ ಲ್ಯಾಬಿನಲ್ಲಿ ಕ್ಯೂಬು ಸೋತದ್ದೇ ಇಲ್ಲ ಅಪ್ಪ. ಸೇತುವೆ, ಶಾಲೆ, ನೀರಿನ ಟ್ಯಾಂಕು, ಪೊಲೀಸ್ ಕ್ವಾರ್ಟರ್ಸು, ಎಲ್ಲವೂ ಪಾಸು. ನಮ್ಮ ದಾಖಲೆ ನೋಡಿದರೆ ನಮ್ಮಷ್ಟು ಗಟ್ಟಿ ದೇಶ ಭೂಮಿಯ ಮೇಲೆ ಇನ್ನೊಂದಿಲ್ಲ. ಹೊರಗೆ ಬಂದು ನೋಡಿದರೆ ಸೇತುವೆಯ ಮೇಲೆ ಬಸ್ಸಿನವರು ಜನರನ್ನು ಇಳಿಸಿ, ನಡೆಸಿ, ಆಚೆ ದಡದಲ್ಲಿ ಹತ್ತಿಸಿಕೊಳ್ಳುತ್ತಾರೆ. ಇವೆರಡನ್ನೂ ಒಟ್ಟಿಗೆ ತಲೆಯಲ್ಲಿಟ್ಟುಕೊಂಡು ನಾವೆಲ್ಲ ಸಂಬಳ ಎಣಿಸಿಕೊಂಡು ಆರಾಮವಾಗಿದ್ದೆವು.

ಹೀಗಿರುವಾಗ ಹೆರಿಗೆ ವಾರ್ಡಿನ ಕ್ಯೂಬುಗಳು ಬಂದವು. ಮೊದಲನೆಯದನ್ನು ಯಂತ್ರದಲ್ಲಿಟ್ಟು ಒತ್ತಿದರೆ ಮುಳ್ಳು ಅರ್ಧವೂ ಏರಲಿಲ್ಲ, ಕ್ಯೂಬು ಒಣಗಿದ ರೊಟ್ಟಿಯ ಹಾಗೆ ಪುಡಿಯಾಯಿತು. ಎರಡನೆಯದೂ ಅಷ್ಟೇ, ಮೂರನೆಯದೂ ಅಷ್ಟೇ. ಯಂತ್ರ ಓಡಿಸುವವರು ನನ್ನ ಮುಖ ನೋಡಿ, “ಮೇಡಂ, ಯಂತ್ರ ಕೆಟ್ಟಿರ್ಬೇಕು” ಎಂದರು. ನನಗೂ ಹಾಗೇ ಅನ್ನಿಸಿತು ನೋಡಿ! ರಿಪೇರಿಯವನನ್ನು ಕರೆಸಿದೆವು. ಅವನು ಬಿಚ್ಚಿ, ಒರೆಸಿ, ಎಣ್ಣೆ ಹಾಕಿ, ಯಂತ್ರಕ್ಕೆ ಏನೂ ಆಗಿಲ್ಲವೆಂದು ಹೇಳಿ ಬಿಲ್ಲು ಕೊಟ್ಟು ಹೋದ. ಕೆಟ್ಟಿದ್ದು ಕಾಂಕ್ರೀಟು ಇರಬಹುದು ಎಂದು ಹೊಳೆಯುವುದಕ್ಕೆ ನಮಗೆ ಆ ಬಿಲ್ಲು ಬರಬೇಕಾಯಿತು.

ಮರುದಿನ ಸೈಟಿಗೆ ಹೋದೆ. ಅಲ್ಲಿ ಕ್ಯೂಬು ಮಾಡುವ ಕೆಲಸಕ್ಕೆಂದೇ ಒಬ್ಬ ವಯಸ್ಸಾದ ಮೇಸ್ತ್ರಿ ಇದ್ದಾರೆ. ಎಲ್ಲರೂ ಅವರನ್ನು ‘ಮಾವ’ ಎನ್ನುತ್ತಾರೆ. ಯಾಕೆ ಮಾವ ಎಂದು ಕೇಳಿದ್ದಕ್ಕೆ ಗಾರೆಯವರೆಲ್ಲ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಆಮೇಲೆ ತಿಳಿಯಿತು. ಲ್ಯಾಬಿಗೆ ಕಳಿಸುವ ಕ್ಯೂಬುಗಳಿಗೆ ಸೈಟಿನಲ್ಲಿ ‘ಅಳಿಯಂದಿರು’ ಎಂದು ಹೆಸರು. ಮನೆಮಂದಿಗೆ ಗಂಜಿಯಾದರೂ ಅಳಿಯನಿಗೆ ಮಾತ್ರ ಭರ್ಜರಿ ಊಟ! ಸ್ಲ್ಯಾಬಿಗೆ ಹೋಗುವುದು ಮರಳೇ ಹೆಚ್ಚಾದ ಕಾಂಕ್ರೀಟು; ಹಿಂದಿನ ಶೆಡ್ಡಿನಲ್ಲಿ ಬೇರೆಯಾಗಿ, ಒಳ್ಳೆಯ ಜಲ್ಲಿ, ಕೈತುಂಬ ಸಿಮೆಂಟು ಹಾಕಿ ಕಲಸಿದ್ದು ಕ್ಯೂಬಿಗೆ. ಕ್ಯೂಬು ಮಾಡುವವರು ಆದ್ದರಿಂದ ಮಾವ. ನಿಮ್ಮ ಕಾಲದಲ್ಲಿ ಇದಕ್ಕೆ ಏನೆನ್ನುತ್ತಿದ್ದರೋ ನಾನು ಕಾಣೆ. ಇದನ್ನು ಮನೆಗೆ ಬಂದು ಹೇಳಿದಾಗಿನಿಂದ ನಿಮ್ಮ ನಿಜವಾದ ಅಳಿಯಂದಿರು, ಊಟಕ್ಕೆ ಇನ್ನೊಂದು ಸಲ ಬಡಿಸಿದರೆ ಸಾಕು, ‘ನನ್ನನ್ನೂ ಲ್ಯಾಬಿಗೆ ಕಳಿಸ್ತೀಯಾ?’ ಎನ್ನುತ್ತಾರೆ.

ಹಾಗಾದರೆ ಈ ಸಲ ಸೈಟಿನ ಅಳಿಯಂದಿರು ಯಾಕೆ ಬಡವಾದರು? ಸ್ಲ್ಯಾಬು ಹಾಕಿದ ದಿನ ಮಾವನಿಗೆ ಹಲ್ಲುನೋವು ಬಂದು ಕೆನ್ನೆ ಊದಿಕೊಂಡಿತ್ತು. ಹಲ್ಲು ಕೀಳಿಸಿಕೊಳ್ಳಲು ಹೋಗುವಾಗ ಅವರು, ಅದೇ ಸೈಟಿನಲ್ಲಿ ಸ್ಲ್ಯಾಬಿಗೆ ನೀರು ಹೊಡೆಯುವ ತಮ್ಮ ಹೆಂಡತಿಗೆ, “ಅಚ್ಚು ತುಂಬಿಡು” ಎಂದಷ್ಟೇ ಹೇಳಿ ಹೋದರಂತೆ. ಮಾವನ ಹೆಂಡತಿ ಸೈಟಿಗೆಲ್ಲ ಅತ್ತೆ. ಅತ್ತೆ ಮಿಕ್ಸರಿನ ಬಾಯಿಯಿಂದ, ಮೇಲೆ ಹೋಗುತ್ತಿದ್ದ ಕಾಂಕ್ರೀಟನ್ನೇ ಒಂದು ಬಾಂಡ್ಲಿ ಹಿಡಿದು ಅಚ್ಚು ತುಂಬಿ, ತಾರೀಕು ಬರೆಸಿ ಇಟ್ಟರು.

ನಾನು ಹೋದಾಗ ಅತ್ತೆ ಪೈಪು ಹಿಡಿದು ನಿಂತಿದ್ದರು. ಕೇಳಿದೆ.

“ಎಲ್ಲಿಂದ ತುಂಬಿದ್ರಿ?”

“ಸ್ಲ್ಯಾಬಿಂದೇ. ಸ್ಲ್ಯಾಬ್ ಗಟ್ಟಿ ಇದ್ಯಾ ಅಂತ ನೋಡೋಕೆ ಸ್ಲ್ಯಾಬಿಂದಲ್ದೆ ಇನ್ನೆಲ್ಲಿಂದ ತುಂಬ್ತಾರವ್ವಾ?”

ಹಿಂದೆ ನಿಂತಿದ್ದ ಮಾವ ತಲೆ ತಗ್ಗಿಸಿದರು. ಇಷ್ಟು ವರ್ಷ ಒಂದೇ ಸೈಟಿನಲ್ಲಿ ಗಂಡ ಹೆಂಡತಿ ದುಡಿದಿದ್ದಾರೆ, ಒಂದೇ ಡಬ್ಬಿಯಲ್ಲಿ ಉಂಡಿದ್ದಾರೆ. ಶೆಡ್ಡಿನ ಹಿಂದೆ ತಾನು ಏನು ಕಲಸುತ್ತೇನೆ ಎಂದು ಆ ಮನುಷ್ಯ ಹೆಂಡತಿಗೆ ಹೇಳಿರಲಿಲ್ಲ. ನಾಚಿಕೆ, ಇನ್ನೇನು. ‘ಮಾವ’ ಎಂದು ಯಾಕೆ ಕರೆಯುತ್ತಾರೆ ಎಂದು ಅತ್ತೆ ಕೇಳಿದಾಗಲೆಲ್ಲ ವಯಸ್ಸಾಯಿತಲ್ಲ ಅದಕ್ಕೆ ಎನ್ನುತ್ತಿದ್ದರಂತೆ. ಅವರು ಹೆಂಡತಿಗೆ ಒಂದು ಮಾತು ಹೇಳಿದ್ದರೆ ಅತ್ತೆಯೂ ಸುಮ್ಮನೆ ಶೆಡ್ಡಿಗೆ ಹೋಗಿ ತುಂಬುತ್ತಿದ್ದರೋ ಏನೋ. ಹೇಳದೆ ಹೋದದ್ದರಿಂದ ಎಷ್ಟು ಜೀವ ಉಳಿಯಿತು ನೋಡಿ.

ನಾನು ಕ್ಯೂಬು ಫೇಲ್ ಎಂದು ಬರೆದೆ. ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ. ವಾರ್ಡಿನ ಉದ್ಘಾಟನೆಗೆ ಮಂತ್ರಿಗಳು ತಾರೀಕು ಕೊಟ್ಟಾಗಿತ್ತು, ಚುನಾವಣೆ ಬಾಗಿಲಲ್ಲಿತ್ತು, ಆಹ್ವಾನ ಪತ್ರಿಕೆ ಅಚ್ಚಾಗಿತ್ತು, ಮಂಚಗಳು ಬಂದು ವರಾಂಡದಲ್ಲಿ ಕೂತಿದ್ದವು. ನಮ್ಮ ಕಚೇರಿಯ ಸಾಹೇಬರು ನನ್ನನ್ನು ತಮ್ಮ ಕೋಣೆಗೆ ಕರೆಸಿದರು. ಅಲ್ಲಿ ಕಂಟ್ರಾಕ್ಟರು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಇನ್ನೊಂದು ಕುರ್ಚಿಯಲ್ಲಿ ಆಸ್ಪತ್ರೆಯ ಹೆಡ್ ನರ್ಸ್. ಅವರು ತಾವಾಗಿಯೇ ಬಂದವರು, ಬೀಗದ ಕೈ ಯಾವತ್ತು ಕೊಡುತ್ತೀರಿ ಎಂದು ಕೇಳಲು. ಅವರ ಹಳೆಯ ವಾರ್ಡನ್ನು ನೀವು ನೋಡಬೇಕು. ಒಂದು ಮಂಚಕ್ಕೆ ಇಬ್ಬರು ಬಸುರಿಯರು, ಮೇಲಿಂದ ನೀರು ತೊಟ್ಟಿಕ್ಕುವಲ್ಲೆಲ್ಲ ಬಕೆಟ್ಟು. ಕೆಲಸ ನಿಲ್ಲಿಸಿದವಳು ನಾನೆಂದು ಗೊತ್ತಾಗಿ ನನ್ನನ್ನು ಕಂಡರೆ ಕೆಂಡ ಕಾರುತ್ತಿದ್ದರು. “ನಿಮಗೇನಮ್ಮ, ಕೂತಲ್ಲಿ ಫೇಲ್ ಅಂತ ಬರೀತೀರಾ. ನೆಲದ ಮೇಲೆ ಹೆರೋರ ಕಷ್ಟ ನಿಮಗೇನು ಗೊತ್ತು” ಎಂದು ನನ್ನ ಮುಖಕ್ಕೇ ಹೇಳಿದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ.

ಸಾಹೇಬರು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಶುರುಮಾಡಿದರು. “ಒಂದು ಸೆಟ್ ಫೇಲ್ ಆದ್ರೆ ಆಕಾಶ ಏನೂ ಕಳಚಿ ಬೀಳಲ್ಲ ಮೇಡಂ. ಬೇರೆ ಸೆಟ್ ತರಿಸ್ಕೊಳ್ಳಿ, ಮುಂದಕ್ಕೆ ಹೋಗೋಣ.”

“ಆಕಾಶ ಬೀಳಲ್ಲ ಸರ್, ಸ್ಲ್ಯಾಬ್ ಬೀಳುತ್ತೆ” ಎಂದೆ. ನನ್ನ ಬಾಯಿ ನಿಮಗೆ ಗೊತ್ತಲ್ಲ.

ಕಂಟ್ರಾಕ್ಟರಿಗೆ ಸಿಟ್ಟು ನೆತ್ತಿಗೇರಿತು. ಮೇಜು ಕುಟ್ಟಿ ಹೇಳಿದರು. “ಮೇಡಂ, ನೀವು ಟೆಸ್ಟ್ ಮಾಡಿರೋದು ನಮ್ಮ ಕ್ಯೂಬೇ ಅಲ್ಲ! ಮೇಸ್ತ್ರಿ ಇರ್ಲಿಲ್ಲ ಅಂತ ಅವನ ಹೆಂಡ್ತಿ ಬುದ್ಧಿಯಿಲ್ದೆ ಸ್ಲ್ಯಾಬಿನ ಮಾಲನ್ನೇ ತುಂಬ್ಬಿಟ್ಟಿದ್ದಾಳೆ. ಅವಳು ಮಾಡಿದ ತಪ್ಪಿಗೆ ನನ್ನ ಸ್ಲ್ಯಾಬ್ ಹೆಂಗ್ ಫೇಲ್ ಆಗುತ್ತೆ?”

ಹೇಳಿ ಮುಗಿಸಿದ ಮೇಲೂ ಅವರಿಗೆ ತಾವೇನು ಹೇಳಿದೆವೆಂದು ತಿಳಿಯಲಿಲ್ಲ. ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಕ್ಯೂಬಿಗೆ ಬೇರೆ ಮಾಲು ಕಲಸುತ್ತಾರೆಂದು ಆ ಕೋಣೆಯಲ್ಲಿ ಗೊತ್ತಿಲ್ಲದವರು ಒಬ್ಬರೇ, ಹೆಡ್ ನರ್ಸ್. ಅವರು ಕನ್ನಡಕ ತೆಗೆದು ಕಂಟ್ರಾಕ್ಟರನ್ನು ನೋಡಿದರು.

“ಸ್ಲ್ಯಾಬಿಂದ ತುಂಬಿದ್ದು ತಪ್ಪಾ?”

ಕಂಟ್ರಾಕ್ಟರು ಸಾಹೇಬರ ಕಡೆ ತಿರುಗಿದರು.

“ಹಂಗಾದ್ರೆ ನಾನೂ ನಮ್ಮ ಬಸುರೀರ ರಕ್ತ ಪರೀಕ್ಷೆಗೆ ಪಕ್ಕದ ಮನೆ ಪೈಲ್ವಾನನ ರಕ್ತ ಕಳಿಸ್ಲಾ?”

ಅಪ್ಪ, ನನಗೆ ನಗು ತಡೆಯಲಾಗಲಿಲ್ಲ. ಅಂಥ ಹೊತ್ತಿನಲ್ಲಿ ನಗಬಾರದು, ಆದರೂ ಕೆಮ್ಮಿನಂತೆ ನಟಿಸಿ ನಕ್ಕುಬಿಟ್ಟೆ. ಹೆಡ್ ನರ್ಸ್ ನಗಲಿಲ್ಲ. ಎದ್ದು ನಿಂತು, “ಸ್ಲ್ಯಾಬನ್ನೇ ಕೊರೆದು ನೋಡೋ ತನಕ ನನ್ನ ಒಬ್ಬಳೇ ಒಬ್ಬ ಹೆಣ್ಮಗಳನ್ನೂ ಅಲ್ಲಿಗೆ ಕಳ್ಸಲ್ಲ. ಮಂತ್ರಿ ಬೇಕಾದ್ರೆ ಬಂದು ಮಲ್ಕೊಳ್ಳಲಿ” ಎಂದು ಹೇಳಿ ಹೋದರು. ಆ ಸಂಜೆಯೊಳಗೆ ಪೈಲ್ವಾನನ ರಕ್ತದ ಮಾತು ಆಸ್ಪತ್ರೆಯಿಂದ ಬಸ್ ಸ್ಟ್ಯಾಂಡಿನವರೆಗೆ ಹಬ್ಬಿತ್ತು. ಇನ್ನು ಅದನ್ನು ಮುಚ್ಚಿಡುವುದು ಸಾಹೇಬರ ಕೈಯಲ್ಲೂ ಇರಲಿಲ್ಲ.

ಮುಂದಿನದನ್ನು ಬೇಗ ಹೇಳುತ್ತೇನೆ, ಆ ದಿನಗಳನ್ನು ಮತ್ತೆ ನೆನೆಯುವುದಕ್ಕೆ ಮನಸ್ಸಿಲ್ಲ. ನನಗೆ ದೂರದ ಉಪವಿಭಾಗಕ್ಕೆ ವರ್ಗವಾಯಿತು. ನಿಮ್ಮ ಅಳಿಯಂದಿರು ಪಾತ್ರೆಗಳನ್ನು ಪೆಟ್ಟಿಗೆಗೆ ತುಂಬಿ ಹಗ್ಗ ಕಟ್ಟಿದರು. ನಾನಿಲ್ಲದಾಗ ಯಾರೋ ಮನೆಗೆ ಬಂದು, ಮಗುವನ್ನು ಶಾಲೆಗೆ ಯಾರು ಬಿಡುತ್ತಾರೆ ಎಂದು ಮೆಲ್ಲಗೆ ಕೇಳಿ ಹೋದರು. ಅವತ್ತು ನಿಜವಾಗಿಯೂ ಹೆದರಿದೆ. ಫೇಲ್ ಎಂದು ಬರೆದಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲೇ ಎಂದು ನಾನು ಕೇಳಿದಾಗ ನಿಮ್ಮ ಅಳಿಯಂದಿರು, “ಪಾತ್ರೆ ಕಟ್ಟಿ ಆಗಿದೆ, ಮತ್ತೆ ಬಿಚ್ಚೋಕೆ ನನ್ನ ಕೈಲಾಗಲ್ಲ” ಎಂದರು. ಒಳ್ಳೆಯವರನ್ನೇ ನೋಡಿ ಕೊಟ್ಟಿದ್ದೀರಿ ಅಪ್ಪ. ಅಷ್ಟರಲ್ಲಿ ಮೇಲಿನ ಕಚೇರಿಯಿಂದ ಬೇರೆ ಊರಿನ ತಂಡ ಬಂದು ಸ್ಲ್ಯಾಬನ್ನು ಆರು ಕಡೆ ಕೊರೆಯಿತು. ತೆಗೆದ ತುಂಡುಗಳಲ್ಲಿ ಎರಡು ಯಂತ್ರದವರೆಗೂ ಬರಲಿಲ್ಲ, ಕೈಯಲ್ಲೇ ಮುರಿದವು. ಕಂಟ್ರಾಕ್ಟರು ಸ್ವಂತ ಖರ್ಚಿನಲ್ಲಿ ಒಡೆದು ಕಟ್ಟಬೇಕೆಂದು ಆದೇಶವಾಯಿತು, ನನ್ನ ವರ್ಗ ರದ್ದಾಯಿತು. ಪಾತ್ರೆಗಳು ಈಗ ಮತ್ತೆ ಕಪಾಟಿನಲ್ಲಿವೆ.

ಮಂತ್ರಿಗಳ ವಿಷಯ ಬಿಟ್ಟೆ. ಕೊಟ್ಟ ತಾರೀಕು ದಂಡವಾಗಬಾರದಲ್ಲ, ಒಡೆಯುವ ಕೆಲಸವನ್ನೇ ಉದ್ಘಾಟನೆ ಮಾಡಿದರು! ಒಡೆಯುವ ಯಂತ್ರಕ್ಕೆ ಹೂವಿನ ಹಾರ, ಚಪ್ಪಾಳೆ, ಫೋಟೊ. ನನ್ನ ಅವಧಿಯಲ್ಲಿ ಗುಣಮಟ್ಟದ ವಿಷಯದಲ್ಲಿ ರಾಜಿಯೇ ಇಲ್ಲ, ದೇಶ ಕಟ್ಟುವವರು ನಾವು ಎಂದು ಭಾಷಣ ಮಾಡಿದರು. ನಾನೂ ಚಪ್ಪಾಳೆ ತಟ್ಟಿದೆ. ಸ್ಲ್ಯಾಬು ಇಳಿಯುವುದಾದರೆ ಯಾರ ಹೆಸರಲ್ಲಿ ಇಳಿದರೆ ನನಗೇನು?

ಅಂದು ಕಂಟ್ರಾಕ್ಟರು ನನ್ನ ಪಕ್ಕದಲ್ಲೇ ನಿಂತಿದ್ದರು. ಮನುಷ್ಯ ಇಳಿದು ಹೋಗಿದ್ದ. ಮಂತ್ರಿಗಳ ಕಡೆ ನೋಡುತ್ತಾ ಹೇಳಿದ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. “ಮೇಡಂ, ಟೆಂಡರ್ ಆಗೋಕ್ಮುಂಚೆನೇ ಅಲ್ಲಿ ಕೊಡ್ಬೇಕು, ಪಕ್ಷಕ್ಕೆ ಕೊಡ್ಬೇಕು, ಬಿಲ್ ಪಾಸಾಗೋಕೆ ನಿಮ್ಮ ಆಫೀಸಲ್ಲಿ ಕೊಡ್ಬೇಕು. ಒಬ್ರೂ ಬಿಡಲ್ಲ, ಎಲ್ರಿಗೂ ಬಾಯಿದೆ. ಬಾಯಿ ಇಲ್ದೇ ಇರೋದು ಸಿಮೆಂಟಿಗೆ ಒಂದಕ್ಕೇ. ಅದರ ಪಾಲಿಂದನೇ ತೆಗೀಬೇಕು.” ಅವನ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದಿದ್ದೆ, ಪೂರ್ತಿ ಬರಲಿಲ್ಲ.

ಅತ್ತೆ ಹದಿನೈದು ದಿನ ಮಾವನ ಜೊತೆ ಮಾತು ಬಿಟ್ಟಿದ್ದರಂತೆ. ಕಂಟ್ರಾಕ್ಟರು ಬೈದಿದ್ದಕ್ಕಲ್ಲ, ತನಗೆ ಹೇಳದೆ ಇಟ್ಟಿದ್ದಕ್ಕೆ. ಈಗ ಪರವಾಗಿಲ್ಲ. ಸ್ಲ್ಯಾಬು ಮೊದಲು ಇಳಿದ ಮೂಲೆಯಲ್ಲಿ ಹೊಸ ಕಂಬಗಳಿಗೆ ಮೊನ್ನೆ ಕಾಂಕ್ರೀಟು ಹಾಕಿದಾಗ ನಾನು ಹೋಗಿದ್ದೆ. ಮಿಕ್ಸರಿನ ಬಾಯಿಗೆ ಮಾವ ಬಾಂಡ್ಲಿ ಹಿಡಿದರು, ಅತ್ತೆ ಸೊಂಟದ ಮೇಲೆ ಕೈಯಿಟ್ಟು ಪಕ್ಕದಲ್ಲಿ ನಿಂತರು. ಹೆಡ್ ನರ್ಸ್ ಬಿಸಿಲಿಗೆ ಕೊಡೆ ಹಿಡಿದು ಬಂದು, ಅಚ್ಚಿನೊಳಗೆ ಬೆರಳಿಟ್ಟು ನೋಡಿ, ಏನು ತಿಳಿಯಿತೋ, ತಲೆಯಾಡಿಸಿ ಹೋದರು. ಹೋಗುವ ಮುಂಚೆ ನನಗೆ, “ಮಳೆಗಾಲಕ್ಕೆ ಮುಂಚೆ ಮುಗಿಸಿ ಕೊಡಿ ತಾಯಿ” ಎಂದರು. ಕೆಂಡ ಕಾರುವುದು ನಿಂತಿದೆ.

ನನಗೆ ಇದರಲ್ಲಿ ದೊಡ್ಡ ಗೆಲುವೇನೂ ಕಾಣುವುದಿಲ್ಲ. ಒಂದು ಹಲ್ಲುನೋವು ಬಾರದಿದ್ದರೆ ಎಲ್ಲ ಮೊದಲಿನಂತೆಯೇ ನಡೆಯುತ್ತಿತ್ತು. ಆದರೂ ಒಂದು ಕೋಣೆಯಷ್ಟು ಜಾಗವಾದರೂ ಈ ಊರಿನಲ್ಲಿ ಗಟ್ಟಿಯಾಗಿ ಎದ್ದು ನಿಲ್ಲುತ್ತದೆ, ಅದರ ಕೆಳಗೆ ಮಕ್ಕಳು ಹುಟ್ಟುತ್ತವೆ. ಅಷ್ಟು ನೆನೆದರೆ ಸಾಕು, ನನಗೆ ಹಾಯೆನಿಸುತ್ತದೆ.

ಅಣ್ಣನಿಗೆ, ಅತ್ತಿಗೆಗೆ ನನ್ನ ನೆನಪು ಹೇಳಿ. ನಿಮ್ಮ ಆಶೀರ್ವಾದ ನಮ್ಮ ಮೂವರ ಮೇಲೂ ಇರಲಿ, ಅತ್ತೆ ಮಾವನ ಮೇಲೂ ಒಂದಿಷ್ಟು ಇರಲಿ. ಎಣ್ಣೆ ಹಚ್ಚಿಕೊಳ್ಳಿ.

ನಿಮ್ಮ ಮಗಳು,
ಗುಬ್ಬಿ

ತಾ.ಕ.: ಈ ಹಾಳೆಯನ್ನು ಬೇರೆಯಾಗಿ ಇಟ್ಟಿದ್ದೇನೆ. ಇದನ್ನು ಅತ್ತಿಗೆಗೆ ಓದಿ ಹೇಳಬೇಡಿ.

ಕ್ಯೂಬುಗಳು ಪುಡಿಯಾದ ಆ ಸಂಜೆ, ಯಾರಿಗೂ ಹೇಳುವ ಮುಂಚೆ, ನಾನು ಫೋನ್ ಮಾಡಿದ್ದು ನಿಮಗೆ. ನೀವು ಊಟಕ್ಕೆ ಕೂತಿದ್ದಿರಿ. ಎಲ್ಲ ಕೇಳಿಸಿಕೊಂಡು, ತುತ್ತು ನುಂಗಿ, “ಅಷ್ಟೇನಾ? ಬೇರೆ ಸೆಟ್ ಹಾಕಿ ಕಳಿಸೋಕೆ ಹೇಳು. ಹಳೇ ತಾರೀಕು ಬರೆಸು. ಹೆದರ್ಬೇಡ ಗುಬ್ಬಿ, ಅದು ಯಾವಾಗ್ಲೂ ಮಾಡೋದೇ” ಎಂದಿರಿ. ಆಮೇಲೆ ಸಾಹೇಬರು ಅದೇ ಮಾತು ಹೇಳಿದಾಗ ನನಗೆ ಸಿಟ್ಟು ಬಂತು. ನೀವು ಹೇಳಿದಾಗ ಫೋನ್ ಇಟ್ಟುಬಿಟ್ಟೆ. ಚಿಕ್ಕವಳಿದ್ದಾಗ ಜ್ವರ ಬಂದರೆ ಹಣೆ ಮುಟ್ಟಿ ಮಾತಾಡುತ್ತಿದ್ದಿರಲ್ಲ, ಅದೇ ಧ್ವನಿ. ಇಷ್ಟು ದಿನ ನಾನು ಬರೆಯದೆ ಇದ್ದದ್ದು ಆ ಧ್ವನಿಗೆ, ಜ್ವರಕ್ಕೂ ಅಲ್ಲ, ಲಕೋಟೆಗೂ ಅಲ್ಲ.

ನೀವು ಒಂದು ಕಾಸು ಮುಟ್ಟಿದವರಲ್ಲ. ಮನೆಗೆ ಬಂದ ಹಣ್ಣಿನ ಬುಟ್ಟಿಯನ್ನು ಗೇಟಿನಿಂದಲೇ ವಾಪಸ್ ಕಳಿಸಿದ್ದನ್ನು ನೋಡಿ ಬೆಳೆದವಳು ನಾನು. ಅದರಲ್ಲಿ ನನಗೆ ಇವತ್ತಿಗೂ ಅನುಮಾನವಿಲ್ಲ. ತಿಂದವರು ಬೇರೆ. ಅವರು ತಿಂದು ಉಳಿಸಿದ್ದನ್ನು ನೋಡಿಯೂ ಸಹಿ ಹಾಕಿ ಕಳಿಸಿದಿರಾ ಅಪ್ಪ?

ಇಲ್ಲಿನ ಬಾಲಕಿಯರ ಶಾಲೆಯನ್ನು ಕಟ್ಟಿಸಿದವರು ನೀವು. ನಾನು ಓದಿದ್ದು ಅಲ್ಲಿ. ಈಗ ನಿಮ್ಮ ಮೊಮ್ಮಗಳು ಓದುವುದೂ ಅಲ್ಲೇ, ನಮ್ಮಜ್ಜ ಕಟ್ಟಿದ ಶಾಲೆ ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಾಳೆ. ನನ್ನ ಮಾತಿನ ಮೇಲೆ ಹೆಡ್‌ಮಿಸ್ಟ್ರೆಸ್ ಅವರು ಮಕ್ಕಳನ್ನೆಲ್ಲ ಸದ್ಯಕ್ಕೆ ಮೈದಾನದ ಶೆಡ್ಡಿಗೆ ಇಳಿಸಿದ್ದಾರೆ. ಯಾಕೆಂದು ಮಕ್ಕಳಿಗೆ ಹೇಳಿಲ್ಲ. ಮುಂದಿನ ವಾರ ಕೊರೆಯುವ ಯಂತ್ರ ತೆಗೆದುಕೊಂಡು ನಾನೇ ಹೋಗುತ್ತಿದ್ದೇನೆ.

ಏನೇ ಆಗಿರಲಿ, ನೀವು ನನ್ನ ಅಪ್ಪನೇ. ಯಂತ್ರ ಹೇಳುವುದಕ್ಕೆ ಮುಂಚೆ ನೀವೇ ಹೇಳಿಬಿಡಿ.